ಸಂಡೂರಿನ ಕಬ್ಬಿಣ, ಕಂಪ್ಲಿಯ ಸಕ್ಕರೆ, ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಮ್ಯಾಗ್ನೆಟ್ ನ್ಯಾನೊ ಚಿಕಿತ್ಸೆ’

ಈ ವಾರದ ಸಂಚಿಕೆಯನ್ನ ಹೊಸಪೇಟೆಯ ನಮ್ಮ ಮನೆ ಮಾಳಿಗೆ ಮೇಲಿನ ರೂಮಿನಲ್ಲೇ ರೆಕಾರ್ಡ್ ಮಾಡಿದ್ದು. ಆಡಿಯೋದಲ್ಲಿ ಆಗಾಗ ಗುಡುಗಿದ ಹಾಗೆ ಕೇಳಿಸುತ್ತಲ್ಲ, ಅದು ಮಳೆ ಅಲ್ಲ, ಲಾರಿ. ಓದುತ್ತಿರುವವರಿಗೆ ಆ ಕಾಟ ಇಲ್ಲ, ನೀವೇ ಪುಣ್ಯವಂತರು.

ವಿಷಯಕ್ಕೆ ಬರ್ತೀನಿ. ಹೋದ ವಾರ ಕಂಪ್ಲಿಯಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಹೆಸರು ಹೇಳಲ್ಲ. ಅವರ ಅಪ್ಪನಿಗೆ ಲಿವರ್‌ನಲ್ಲಿ ಗಡ್ಡೆ ಇದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ಡಾಕ್ಟರು ಮುಂದಿನ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಅಂದಿದಾರೆ. ಅಷ್ಟರಲ್ಲಿ ಪರಿಚಯದವರೊಬ್ಬರ ಮೂಲಕ ಒಬ್ಬ ಏಜೆಂಟ್ ಗಂಟುಬಿದ್ದಿದಾನೆ. ‘ಮ್ಯಾಗ್ನೆಟ್ ನ್ಯಾನೊ ಚಿಕಿತ್ಸೆ. ಕೈಗೆ ಒಂದು ಇಂಜೆಕ್ಷನ್, ಹೊಟ್ಟೆ ಮೇಲೆ ಮ್ಯಾಗ್ನೆಟ್ ಬೆಲ್ಟ್. 21 ದಿನದಲ್ಲಿ ಗಡ್ಡೆ ಕರಗುತ್ತೆ. ಕೀಮೋ ಬೇಡ, ಕೂದಲು ಉದುರಲ್ಲ.’ ಒಟ್ಟು 1 ಲಕ್ಷ 80 ಸಾವಿರ, ಅದರಲ್ಲಿ 60 ಸಾವಿರ ಸೋಮವಾರದೊಳಗೆ ಮುಂಗಡ. ಜೊತೆಗೆ ಒಂದು ಫಾರ್ವರ್ಡ್ ವಿಡಿಯೋ: ಗಾಜಿನ ಬಾಟಲಿಯಲ್ಲಿ ಕಪ್ಪು ದ್ರವ, ಮ್ಯಾಗ್ನೆಟ್ ಹಿಡಿದ ಕಡೆ ಮುಳ್ಳುಮುಳ್ಳಾಗಿ ಎದ್ದು ಕುಣಿಯುತ್ತೆ. ಮೆಸೇಜಿನ ಕೊನೆಗೆ ಅವರು ಕೇಳಿದ್ದು ಇಷ್ಟೇ: ‘ಅಕ್ಕಾ, ವಿಡಿಯೋ ನೋಡಿದ್ರೆ ಸುಳ್ಳು ಅನಿಸಂಗಿಲ್ಲ. ಭತ್ತ ಮಾರಿದ ರೊಕ್ಕ ಐತಿ. ಕೊಡಲೋ ಬೇಡವೋ?’

ಸೋಮವಾರದ ತನಕ ಏನೂ ಕೊಡಬೇಡಿ ಅಂತ ಆಗಲೇ ಉತ್ತರ ಕಳಿಸಿದೆ. ಆದರೆ ‘ಯಾಕೆ’ ಅಂತ ಹೇಳೋಕೆ ನನಗೆ ನಾಲ್ಕು ದಿನ ಬೇಕಾಯ್ತು. ಯಾಕಂದ್ರೆ ನಾನು ಓದಿದ್ದು ಬಿ.ಕಾಂ. ಮತ್ತು ಈ ವಿಷಯದಲ್ಲಿ ನನಗೆ ಸಿಕ್ಕ ದೊಡ್ಡ ಆಶ್ಚರ್ಯ ಅಂದ್ರೆ, ಆ ಏಜೆಂಟ್ ಬಳಸುವ ಪದಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ನಿಜವಾದ ವಿಜ್ಞಾನದಿಂದಲೇ ಕದ್ದದ್ದು. ಪೂರ್ತಿ ಸುಳ್ಳನ್ನ ಹಿಡಿಯೋದು ಸುಲಭ. ಹಾಲಿಗೆ ನೀರು ಬೆರೆಸಿದ ಹಾಗಿರೋ ಸುಳ್ಳು ಕಷ್ಟ.

ಮೊದಲು ಮ್ಯಾಗ್ನೆಟ್ಟಿನಿಂದ ಶುರು ಮಾಡೋಣ. ಚಿಕ್ಕವರಿದ್ದಾಗ ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ ಕಿತ್ತು, ದಾರ ಕಟ್ಟಿ, ಮರಳಲ್ಲಿ ಎಳೆದವರು ಎಷ್ಟು ಜನ ಇದೀರಿ? ಹೊಳೆ ಮರಳಲ್ಲಿ ಎಳೆದರೆ ಕಪ್ಪು ಪುಡಿ ಗಡ್ಡದ ಹಾಗೆ ಅಂಟಿಕೊಳ್ಳುತ್ತಿತ್ತು. ಅದರಲ್ಲಿ ಬಹುಪಾಲು ಮ್ಯಾಗ್ನಟೈಟ್. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣು ಸೇರಿದ ಕಪ್ಪು ಖನಿಜ. ನಮ್ಮ ಬಂಡೆಗಳಲ್ಲಿ ಚೂರುಚೂರಾಗಿ ಇರುತ್ತೆ, ಬಂಡೆ ಸವೆದಾಗ ಮರಳಿನ ಜೊತೆ ಬರುತ್ತೆ. ಅದೇ ಮ್ಯಾಗ್ನೆಟ್ಟನ್ನ ಸಂಡೂರಿನ ಕೆಂಪು ಅದಿರಿನ ತುಂಡಿಗೆ ಹಿಡಿದು ನೋಡಿ, ಅಂಟೋದು ಕಷ್ಟ. ದೋಣಿಮಲೈ, ಕುಮಾರಸ್ವಾಮಿ ಬೆಟ್ಟದ ಸಾಲಿನಲ್ಲಿ ಸಿಗೋದು ಮುಖ್ಯವಾಗಿ ಹೆಮಟೈಟ್. ಅದೂ ಕಬ್ಬಿಣ, ಆಮ್ಲಜನಕ ಸೇರಿದ್ದೇ, ಆದರೆ ಒಳಗಿನ ಜೋಡಣೆ ಬೇರೆ. ಅದಕ್ಕೇ ಅದರ ಕಾಂತಗುಣ ತುಂಬಾ ದುರ್ಬಲ. ಕಡಿಮೆ ದರ್ಜೆಯ ಅದಿರನ್ನ ಶುದ್ಧ ಮಾಡುವ ಘಟಕಗಳಲ್ಲಿ ಅದಿರಿನ ಕೆಸರನ್ನ ಭಾರೀ ಶಕ್ತಿಯ ಮ್ಯಾಗ್ನೆಟ್‌ಗಳ ನಡುವೆ ಹಾಯಿಸ್ತಾರೆ. ಕಬ್ಬಿಣದ ಭಾಗ ನಿಲ್ಲುತ್ತೆ, ಕಲ್ಲಿನ ಪುಡಿ ತೊಳೆದು ಹೋಗುತ್ತೆ. ಈ ಚಿತ್ರ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಕಡೆ ಬೇಕಾಗುತ್ತೆ.

ಔಷಧದ ಲೋಕಕ್ಕೆ ಬೇಕಾಗಿರೋದು ಮ್ಯಾಗ್ನಟೈಟ್ ಮತ್ತು ಅದರ ತಮ್ಮನಂಥ ಮ್ಯಾಗ್ಹಮೈಟ್. ಅದನ್ನ ಗಣಿಯಿಂದ ತರಲ್ಲ, ಲ್ಯಾಬಿನಲ್ಲೇ ಮಾಡ್ತಾರೆ. ಕಬ್ಬಿಣದ ಎರಡು ಬಗೆಯ ಲವಣಗಳನ್ನ ಒಂದಕ್ಕೆ ಎರಡರ ಪ್ರಮಾಣದಲ್ಲಿ ನೀರಲ್ಲಿ ಕರಗಿಸಿ, ಅಮೋನಿಯಾದಂಥ ಕ್ಷಾರ ಹಾಕಿದರೆ, ನೋಡನೋಡುತ್ತಲೇ ಕಪ್ಪಗಾಗಿ ತಳದಲ್ಲಿ ಕೂರುತ್ತೆ. 1981ರಲ್ಲಿ ಫ್ರಾನ್ಸಿನ ರೆನೆ ಮಸಾರ್ ಪ್ರಕಟಿಸಿದ ಈ ವಿಧಾನವೇ ಇವತ್ತಿಗೂ ಕಾಲೇಜು ಲ್ಯಾಬುಗಳ ತನಕ ಚಾಲ್ತಿಯಲ್ಲಿದೆ. ಆ ಕಪ್ಪು ಪುಡಿಯ ಒಂದೊಂದು ಕಣ ಸುಮಾರು 10 ನ್ಯಾನೊಮೀಟರ್. ನಮ್ಮ ರಕ್ತದ ಒಂದು ಕೆಂಪುಕಣ ಸುಮಾರು 7,000 ನ್ಯಾನೊಮೀಟರ್ ಅಗಲ. ಅಂದ್ರೆ ಕೆಂಪುಕಣ ತೆಂಗಿನಮರದಷ್ಟು ಎತ್ತರ ಅಂತ ಇಟ್ಕೊಂಡರೆ, ಇದು ಆ ಮರದ ಬುಡದಲ್ಲಿ ಬಿದ್ದ ಅಡಿಕೆಯ ಹತ್ತಿರ ಬರುತ್ತೆ.

ಏಜೆಂಟ್ ಕಳಿಸಿದ ವಿಡಿಯೋದಲ್ಲಿ ಕುಣಿಯುತ್ತಿದ್ದ ಕಪ್ಪು ದ್ರವ ಇದೇ. ಫೆರೋಫ್ಲೂಯಿಡ್ ಅಂತಾರೆ. ಅಮೆರಿಕದ ನಾಸಾದಲ್ಲಿ ಸ್ಟೀವ್ ಪಾಪೆಲ್ ಎಂಬ ಎಂಜಿನಿಯರ್ 1963ರಲ್ಲಿ ಇದನ್ನ ಮಾಡಿದ್ದು ರಾಕೆಟ್ ಇಂಧನಕ್ಕೋಸ್ಕರ. ಭಾರವಿಲ್ಲದ ಕಡೆ ಇಂಧನವನ್ನ ಮ್ಯಾಗ್ನೆಟ್ಟಿನಿಂದ ಎಳೆದು ಪಂಪಿನ ಬಾಯಿಗೆ ತರೋಣ ಅಂತ. ವಿಡಿಯೋ ನಿಜ. ಕ್ಯಾನ್ಸರಿಗೂ ಆ ಬಾಟಲಿಗೂ ಸಂಬಂಧ ಇಲ್ಲ, ಅಷ್ಟೇ.

ಇಷ್ಟು ಚಿಕ್ಕದಾದಾಗ ಒಂದು ವಿಚಿತ್ರ ಆಗುತ್ತೆ. ಹಂಪಿಯ ವಿರೂಪಾಕ್ಷನ ತೇರು ನೆನೆಸಿಕೊಳ್ಳಿ. ‘ಎಳೀರಿ’ ಅಂದ ಕೂಡಲೇ ಹಗ್ಗ ಹಿಡಿದ ಸಾವಿರ ಜನ ಒಂದೇ ದಿಕ್ಕಿಗೆ. ತೇರು ನಿಂತಿತೋ, ಒಬ್ಬ ಮಿರ್ಚಿ ಕಡೆ, ಒಬ್ಬ ಹೊಳೆ ಕಡೆ, ಒಬ್ಬ ಚಪ್ಪಲಿ ಹುಡುಕುತ್ತಾ. ಈ ಕಣಗಳೂ ಹಾಗೇ. ಹೊರಗೆ ಮ್ಯಾಗ್ನೆಟ್ ಇದ್ದರೆ ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡ್ತವೆ. ತೆಗೆದರೆ ದೇಹದ ಬಿಸಿಯೇ ಸಾಕು, ಅವು ದಿಕ್ಕು ಮರೆತು ಚೆದುರಿಹೋಗ್ತವೆ. ಒಂದರದ್ದು ಈ ಕಡೆ, ಇನ್ನೊಂದರದ್ದು ಆ ಕಡೆ, ಒಟ್ಟು ಲೆಕ್ಕ ಸೊನ್ನೆ. ಮೊಳೆಗೆ ಮ್ಯಾಗ್ನೆಟ್ ತಿಕ್ಕಿದರೆ ಮೊಳೆಯೂ ಮ್ಯಾಗ್ನೆಟ್ ಆಗಿ ಉಳಿದುಬಿಡುತ್ತಲ್ಲ, ಆ ಹಟ ಇವುಗಳಿಗಿಲ್ಲ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಅಂತ ದೊಡ್ಡ ಹೆಸರು. ವೈದ್ಯಕೀಯದಲ್ಲಿ ಇದು ಪ್ರಾಣ ಉಳಿಸುವ ಗುಣ. ಮ್ಯಾಗ್ನೆಟ್ ತೆಗೆದ ಮೇಲೂ ಕಣಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ರಕ್ತನಾಳದಲ್ಲಿ ಗಂಟು ಕಟ್ಟಿ ಅಡ್ಡ ನಿಲ್ಲುತ್ತವೆ.

ಆದರೂ ಬರೀ ಕಣವನ್ನ ಹಾಗೇ ರಕ್ತಕ್ಕೆ ಬಿಡೋಕಾಗಲ್ಲ. ಕಾರಣ, ಮೇಲ್ಮೈ. ಒಂದು ಗ್ರಾಂ ಪುಡಿಯಲ್ಲಿ 10 ನ್ಯಾನೊಮೀಟರಿನ ಎಷ್ಟು ಕಣಗಳಿರ್ತವೆ ಅಂದ್ರೆ, ಅವುಗಳ ಮೇಲ್ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 115 ಚದರ ಮೀಟರ್. ನಮ್ಮ ಭಾಷೆಯಲ್ಲಿ ಒಂದು 30-40 ಸೈಟು. ಒಂದು ಗ್ರಾಮಿನಲ್ಲಿ! ಈ ಲೆಕ್ಕ ನಾನೇ ಕ್ಯಾಲ್ಕುಲೇಟರ್ ಹಿಡಿದು ಎರಡು ಸಲ ಮಾಡಿದೆ, ನಂಬಿಕೆ ಬರಲಿಲ್ಲ. ಅಷ್ಟು ಬಯಲು ಬಿದ್ದ ಮೇಲ್ಮೈ ಸುಮ್ಮನಿರಲ್ಲ. ಪಕ್ಕದ ಕಣಕ್ಕೆ ಅಂಟುತ್ತೆ, ಗಾಳಿಗೆ ಬದಲಾಗುತ್ತೆ, ರಕ್ತಕ್ಕೆ ಹೋದರೆ ಅಲ್ಲಿನ ಪ್ರೋಟೀನುಗಳನ್ನ ಮೈಮೇಲೆ ಎಳ್ಕೊಳ್ಳುತ್ತೆ. ಪ್ರೋಟೀನ್ ಮೆತ್ತಿಕೊಂಡ ಕಣ ನಮ್ಮ ರಕ್ಷಣಾ ಜೀವಕೋಶಗಳ ಕಣ್ಣಿಗೆ ಕಳ್ಳನಂತೆ ಕಾಣುತ್ತೆ.

ಅದಕ್ಕೇ ಲೇಪ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸೋದು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿ ಸಾರು ಮಾಡಿದರೆ ಕಿಲುಬು ಬಿಟ್ಟು ವಿಷ. ಪಾತ್ರೆ ಅದೇ, ಒಳಗಿನ ತೆಳ್ಳನೆ ತವರದಿಂದ ಅದು ಊಟಕ್ಕೆ ಆಗಿಬರುತ್ತೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಹಂಪಿ–ಆನೆಗೊಂದಿ ನಡುವಿನ ಹರಿಗೋಲು. ಬರೀ ಬಿದಿರಿನ ಬುಟ್ಟಿಯನ್ನ ತುಂಗಭದ್ರೆಗೆ ಇಳಿಸಿದರೆ ಮುಳುಗುತ್ತೆ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತೇಲಿಸೋದು ಬಿದಿರಲ್ಲ, ಹೊದಿಕೆ. ಯಾವ ಹೊಳೆಗೆ ಯಾವ ಹೊದಿಕೆ ಅನ್ನೋದೇ ಈ ವಿಜ್ಞಾನದ ಅರ್ಧ ಕೆಲಸ. ಮರಳಿನ ಸಾಮಗ್ರಿಯಾದ ಸಿಲಿಕಾ ಇದೆ, ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ನೀರು ಹಿಡಿಯುವ ಪಾಲಿಮರ್ ಇದೆ, ಸಿಟ್ರಿಕ್ ಆಮ್ಲ ಇದೆ. ಆದರೆ ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಡೆಕ್ಸ್‌ಟ್ರಾನ್. ಯಾಕಂದ್ರೆ ಅದು ಕಂಪ್ಲಿ ಕಡೆಯ ಕಬ್ಬು ಬೆಳೆಗಾರರಿಗೆ ಹೆಸರು ಗೊತ್ತಿಲ್ಲದಿದ್ದರೂ ಪರಿಚಯ ಇರೋ ಶತ್ರು.

ಕಡಿದ ಕಬ್ಬು ಗದ್ದೆಯಲ್ಲೋ ಲಾರಿಯಲ್ಲೋ ಎರಡು ಮೂರು ದಿನ ಬಿಸಿಲಿಗೆ ಒಣಗಿದರೆ ಇಳುವರಿ ಬೀಳುತ್ತೆ ಅಂತ ಕಾರ್ಖಾನೆಯವರು ತಕರಾರು ತೆಗೀತಾರಲ್ಲ? ತೂಕ ಇಳಿಯೋದು ಒಂದು ಕಾರಣ. ಇನ್ನೊಂದು, ಕಡಿದ ತುದಿಯಲ್ಲಿ ಲ್ಯೂಕೊನೋಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡು ಸಕ್ಕರೆಯನ್ನ ತಿಂದು ಒಂಥರಾ ಲೋಳೆ ಮಾಡುತ್ತೆ. ಆ ಲೋಳೆಯೇ ಡೆಕ್ಸ್‌ಟ್ರಾನ್. ರಸ ಮಂದವಾಗುತ್ತೆ, ಸೋಸೋದು ಕಷ್ಟ, ಸಕ್ಕರೆ ಹರಳುಗಟ್ಟಲ್ಲ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಈ ಭಾಗದ ಕಬ್ಬು ದೂರದೂರದ ಕಾರ್ಖಾನೆಗಳಿಗೆ ಹೋಗಬೇಕಾಯ್ತು. ತಡ ಆದಷ್ಟೂ ಆ ಲೋಳೆ ಹೆಚ್ಚು. ಇದೇ ಲೋಳೆಯನ್ನ ಔಷಧ ಕಂಪನಿಗಳು ಅದೇ ಜಾತಿಯ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ತಿನ್ನಿಸಿ, ಬೇಕಂತಲೇ ಬೆಳೆಸಿ, ಶುದ್ಧ ಮಾಡಿ, ಕಬ್ಬಿಣದ ಕಣಕ್ಕೆ ಅಂಗಿ ತೊಡಿಸ್ತವೆ. ಸಂಡೂರಿನ ಸರಕಿಗೆ ಕಂಪ್ಲಿಯ ಸರಕಿನ ಹೊದಿಕೆ ಅನ್ನಬಹುದು, ಸ್ವಲ್ಪ ಜಂಬದಿಂದ.

ಈಗ, ಇಂಥ ಕಣ ನಿಜವಾಗಿ ಎಲ್ಲಿ ಕೆಲಸ ಮಾಡ್ತಿದೆ? ಬಹುಶಃ ನಿಮ್ಮ ಸ್ವಾಬಿನ ಮೇಲೂ ಮಾಡಿರುತ್ತೆ. 2020ರ ಜೂನ್ ಹೊತ್ತಿಗೆ ತೋರಣಗಲ್ಲು ಸುತ್ತಮುತ್ತ ಕೊರೊನಾ ಹಬ್ಬಿದಾಗ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ರಿಪೋರ್ಟಿಗೆ ಕಾದವರೇ. ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಮೊದಲು ವೈರಸ್‌ನ ಆರ್‌ಎನ್‌ಎಯನ್ನ ಸಿಂಬಳ, ಉಗುಳು, ಕಸದಿಂದ ಬೇರ್ಪಡಿಸಬೇಕು. ದೊಡ್ಡ ಸಂಖ್ಯೆಯಲ್ಲಿ ಮಾಡುವ ಲ್ಯಾಬುಗಳು ಬಳಸಿದ ಮುಖ್ಯ ದಾರಿ ಮ್ಯಾಗ್ನೆಟಿಕ್ ಬೀಡ್ಸ್. ಸಿಲಿಕಾ ಲೇಪದ ಕಾಂತೀಯ ಮಣಿಗಳು. ಸಾಕಷ್ಟು ಲವಣ ಮತ್ತು ಆಲ್ಕೋಹಾಲ್ ಇರುವ ದ್ರವದಲ್ಲಿ ಆರ್‌ಎನ್‌ಎ ಹೋಗಿ ಸಿಲಿಕಾಗೆ ಅಂಟುತ್ತೆ. ಟ್ಯೂಬಿನ ಪಕ್ಕ ಮ್ಯಾಗ್ನೆಟ್ ಇಟ್ಟರೆ ಮಣಿಗಳೆಲ್ಲ ಗೋಡೆಗೆ. ಕೊಳೆ ಚೆಲ್ಲಿ, ಎರಡು ಸಲ ತೊಳೆದು, ಶುದ್ಧ ನೀರಿನಂಥ ದ್ರವ ಹಾಕಿದರೆ ಆರ್‌ಎನ್‌ಎ ಕಳಚಿಕೊಳ್ಳುತ್ತೆ. ಅದಿರು ಶುದ್ಧ ಮಾಡುವ ಘಟಕದ ಚಿತ್ರ ನೆನಪಿಡಿ ಅಂದಿದ್ದೆನಲ್ಲ? ಅದೇ ಕೆಲಸ, ಒಂದು ಚಮಚದಷ್ಟು ಜಾಗದಲ್ಲಿ. ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಜೀವಕೋಶಗಳನ್ನ ಹಿಡಿಯೋದಕ್ಕೂ ಇದೇ ಉಪಾಯ ಇದೆ. ಕಣದ ಲೇಪಕ್ಕೆ ಕ್ಯಾನ್ಸರ್ ಜೀವಕೋಶವನ್ನ ಗುರುತಿಸುವ ಪ್ರತಿಕಾಯ ಹೊಲಿದಿರ್ತಾರೆ. ಅಮೆರಿಕದಲ್ಲಿ 2004ರಲ್ಲಿ ಸೆಲ್‌ಸರ್ಚ್ ಅನ್ನೋ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಇವೆಲ್ಲ ದೇಹದ ಹೊರಗಿನ ಕೆಲಸಗಳು. ಈ ತಂತ್ರಜ್ಞಾನ ಪಕ್ಕಾ ಗೆದ್ದಿರೋದು ಇಲ್ಲೇ.

ದೇಹದೊಳಗೆ ಹೋದಾಗ ಕತೆ ಸುಲಭ ಇಲ್ಲ. ಕಂಪ್ಲಿಯ ಆ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ.

ರಕ್ತಕ್ಕೆ ಬಿಟ್ಟ ಕಣಗಳು ಎಲ್ಲಿಗೆ ಹೋಗ್ತವೆ? ಹೆಚ್ಚಿನವು ಲಿವರ್‌ಗೆ, ಉಳಿದವುಗಳಲ್ಲಿ ಒಂದಿಷ್ಟು ಗುಲ್ಮಕ್ಕೆ. ಯಾವ ಮ್ಯಾಗ್ನೆಟ್ಟೂ ಬೇಡ. ಲಿವರ್‌ನಲ್ಲಿ ಕುಪ್ಫರ್ ಕೋಶಗಳು ಅಂತ ಕಾವಲುಗಾರರಿದಾರೆ, ರಕ್ತದಲ್ಲಿ ಬರುವ ಹೊರಗಿನ ಕಸವನ್ನೆಲ್ಲ ನುಂಗೋದೇ ಅವುಗಳ ಕೆಲಸ. ‘ನಮ್ಮ ಔಷಧ ನೇರ ಲಿವರ್‌ಗೇ ಹೋಗುತ್ತೆ’ ಅಂತ ಏಜೆಂಟ್ ಹೇಳಿದ್ದನಂತೆ. ಕಣ ಏನಾದರೂ ನಿಜವಾಗಿ ಇದ್ದಿದ್ದರೆ ಆ ಮಾತು ಸರಿಯೇ. ತೊಂದರೆ ಏನಂದ್ರೆ, ಅದು ಹೋಗೋದು ಆರೋಗ್ಯವಾಗಿರುವ ಲಿವರ್‌ಗೆ. ಗಡ್ಡೆಯಲ್ಲಿ ಆ ಕಾವಲುಗಾರರು ಬಹಳ ಕಡಿಮೆ ಅಥವಾ ಇರೋದೇ ಇಲ್ಲ. ಹಾಗಾಗಿ ಗಡ್ಡೆಯನ್ನ ಬಿಟ್ಟು ಮಿಕ್ಕಿದ್ದಕ್ಕೆ ಹೋಗುತ್ತೆ.

ಇದನ್ನೇ ಉಪಯೋಗ ಮಾಡಿಕೊಂಡವರು ಎಂಆರ್‌ಐ ತಜ್ಞರು. ಕಬ್ಬಿಣದ ಕಣ ತುಂಬಿದ ಜಾಗ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗುತ್ತೆ. ಒಳ್ಳೆ ಲಿವರ್ ಕಪ್ಪು, ಗಡ್ಡೆ ಬಿಳಿ. ಫೆರಿಡೆಕ್ಸ್ ಅನ್ನೋ ಡೆಕ್ಸ್‌ಟ್ರಾನ್ ಲೇಪದ ಇಂಜೆಕ್ಷನ್‌ಗೆ ಅಮೆರಿಕದ ಎಫ್‌ಡಿಎ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ಗಡ್ಡೆಯನ್ನ ತೋರಿಸೋಕೆ, ಕರಗಿಸೋಕೆ ಅಲ್ಲ. ಇನ್ನು ಕಾಮರ್ಸ್ ಓದಿದವಳಾಗಿ ನನ್ನನ್ನ ಹಿಡಿದಿಟ್ಟ ಭಾಗ ಇದು: 2008ರಲ್ಲಿ ಆ ಕಂಪನಿಯೇ ಇದರ ತಯಾರಿಕೆ ನಿಲ್ಲಿಸಿತು. ಕೆಲಸ ಮಾಡಲಿಲ್ಲ ಅಂತಲ್ಲ. ಗ್ಯಾಡೋಲಿನಿಯಂ ಆಧಾರದ ಬೇರೆ ಇಂಜೆಕ್ಷನ್‌ಗಳು ಮಾರುಕಟ್ಟೆ ಹಿಡಿದವು, ಸ್ಕ್ಯಾನಿಂಗ್ ಬೇಗ ಮುಗೀತಿತ್ತು, ಇದಕ್ಕೆ ಗಿರಾಕಿ ಉಳಿಯಲಿಲ್ಲ. ವಿಜ್ಞಾನದಲ್ಲಿ ಪಾಸಾಗಿ ಬ್ಯಾಲೆನ್ಸ್ ಶೀಟ್‌ನಲ್ಲಿ ಫೇಲಾದ ಔಷಧ.

ಅದೇ ಕಂಪನಿ, ಆಮಾಗ್, ಸುಮ್ಮನೆ ಕೂರಲಿಲ್ಲ. ಲೇಪ ಬದಲಿಸಿದ ಕಬ್ಬಿಣದ ಕಣವನ್ನ 2009ರಲ್ಲಿ ಫೆರುಮಾಕ್ಸಿಟಾಲ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂತು. ಈ ಸಲ ಚಿತ್ರ ತೆಗೆಯೋಕಲ್ಲ, ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ. ಲಿವರ್‌ನ ಕಾವಲುಗಾರರು ಕಣವನ್ನ ನುಂಗಿ, ಲೇಪ ಬಿಚ್ಚಿ, ಒಳಗಿನ ಕಬ್ಬಿಣವನ್ನ ರಕ್ತ ತಯಾರಿಕೆಗೆ ಕೊಡ್ತವೆ. ದೇಹ ಕಸ ಅಂತ ಎತ್ತಿಕೊಂಡದ್ದೇ ದೇಹಕ್ಕೆ ಊಟ. ಆದರೆ ಇದೂ ನಿರಪಾಯವೇನಲ್ಲ. 2014ರ ಮಧ್ಯದ ತನಕದ ಐದು ವರ್ಷಗಳಲ್ಲಿ ತೀವ್ರ ಅಲರ್ಜಿಯ 79 ಪ್ರಕರಣ, ಅದರಲ್ಲಿ 18 ಸಾವು ವರದಿಯಾದವು. 2015ರಲ್ಲಿ ಎಫ್‌ಡಿಎ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನ ಔಷಧದ ಲೇಬಲ್‌ನಲ್ಲಿ ಹಾಕಿಸಿತು. ಒಪ್ಪಿಗೆ ಪಡೆದ, ಪರೀಕ್ಷೆ ಆದ, ಆಸ್ಪತ್ರೆಯಲ್ಲೇ ಕೊಡುವ ಔಷಧದ ಕತೆ ಇದು. ಯಾವುದೋ ರೂಮಿನಲ್ಲಿ ಯಾರೋ ಚುಚ್ಚುವ ಕಪ್ಪು ದ್ರವದ ಬಗ್ಗೆ ನೀವೇ ಯೋಚನೆ ಮಾಡಿ.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಲೇಬೇಕು. ನಮ್ಮ ಅತ್ತಿಗೆ ಸಂಡೂರಿನವರು. ಹೋದ ವರ್ಷ ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಮಾತ್ರೆ ನುಂಗಿದರೆ ವಾಂತಿ. ಡಾಕ್ಟರು ಐರನ್ ಸುಕ್ರೋಸ್ ಡ್ರಿಪ್ ಬರೆದರು. ಬಾಟಲಿಗೆ ಔಷಧ ಸೇರಿಸಿದ ಕೂಡಲೇ ಸಲೈನ್ ಕಂದುಗೆಂಪು ಆಯ್ತು. ನಮ್ಮಮ್ಮ ಅದನ್ನ ನೋಡಿ, ‘ಯವ್ವಾ, ಇದು ಮೈನ್ಸ್ ಕಡೆಯಿಂದ ಹರಿದು ಬರೋ ಮಳೆ ನೀರು ಇದ್ದಂಗೈತಲ್ಲೇ, ಇದನ್ನ ಮೈಗೆ ಬಿಡ್ತಾರಾ?’ ಅಂದ್ರು. ಅವರ ಭಯ ಬರೀ ಬಣ್ಣದ್ದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು, ಅನುಮಾನ ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ದ್ರಾವಣದ ಮೇಲೆ ಬಿದ್ದದ್ದು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಡ್ರಿಪ್ ಸ್ಟ್ಯಾಂಡ್ ಕಂಡರೇ ಎದೆ ಡವಡವ ಅನ್ನೋ ಹಾಗಾಗಿತ್ತು.

ಆಗ ನನಗೂ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು: ಆ ಬಣ್ಣ ಕಲಬೆರಕೆಯದ್ದಲ್ಲ, ಕಬ್ಬಿಣದ್ದೇ. ಐರನ್ ಸುಕ್ರೋಸ್ ಅಂದ್ರೆ ಕೆಲವೇ ನ್ಯಾನೊಮೀಟರ್ ಅಗಲದ ಕಬ್ಬಿಣದ ಸಂಯುಕ್ತ, ಸುತ್ತ ಸಕ್ಕರೆ. ಬರೀ ಕಬ್ಬಿಣದ ಲವಣವನ್ನ ರಕ್ತಕ್ಕೆ ಬಿಟ್ಟರೆ ವಿಷ. ಸಕ್ಕರೆ ಹೊದಿಕೆ ಅದನ್ನ ನಿಧಾನವಾಗಿ ಬಿಟ್ಟುಕೊಡುತ್ತೆ. ಬಾಟಲಿಗೆ ಮ್ಯಾಗ್ನೆಟ್ ಹಿಡಿದರೆ ಏನೂ ಆಗಲ್ಲ, ಇದರ ತಿರುಳು ಮ್ಯಾಗ್ನಟೈಟ್ ಅಲ್ಲ. ಆದರೆ ಫೆರುಮಾಕ್ಸಿಟಾಲ್‌ನ ವಂಶದ್ದೇ. ಲೇಪ ಹಾಕಿದ ಕಬ್ಬಿಣದ ನ್ಯಾನೊ ಕಣ ಹೊಸ ಪವಾಡ ಏನಲ್ಲ, ನಮ್ಮ ಹೆರಿಗೆ ವಾರ್ಡುಗಳಲ್ಲಿ ದಿನಾ ನೇತಾಡ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಸೇರಿ ಕರ್ನಾಟಕ, ರಾಜಸ್ಥಾನಗಳಲ್ಲಿ ನಡೆಸಿದ ರ‍್ಯಾಪಿಡ್‌ಐರನ್ ಅಧ್ಯಯನ, ಇದೇ ಬಗೆಯ ಸಕ್ಕರೆ ಹೊದಿಕೆಯ ಕಬ್ಬಿಣವನ್ನ ಒಂದೇ ಡ್ರಿಪ್‌ನಲ್ಲಿ ಕೊಟ್ಟು ಮಾತ್ರೆಯ ಜೊತೆ ಹೋಲಿಸಿ ನೋಡಿದ್ದು ಈ ಕಾರಣಕ್ಕೇ.

‘ಇಷ್ಟು ಅದಿರು ಇರೋ ಊರಲ್ಲಿ ಹೆಂಗಸರಿಗೆ ಕಬ್ಬಿಣ ಕಡಿಮೆ ಹೆಂಗೆ?’ ಅಂತ ಅಮ್ಮ ಆವತ್ತು ಡಾಕ್ಟರನ್ನ ಕೇಳಿದ್ರು. ನಗಬೇಡಿ, ಒಳ್ಳೆ ಪ್ರಶ್ನೆ. ಅದಿರಿನ ಧೂಳು ಕರಗಲ್ಲ. ಕರಗದ್ದನ್ನ ಕರುಳು ಹೀರಲ್ಲ. ಮನೆ ಗೋಡೆ, ತುಳಸಿಕಟ್ಟೆ, ಶ್ವಾಸಕೋಶ ಎಲ್ಲ ಕೆಂಪಾಗುತ್ತೆ, ರಕ್ತ ಒಂದು ಬಿಟ್ಟು. ಊಟ ಆದ ಕೂಡಲೇ ಚಹಾ ಕುಡಿದರೆ ಊಟದಲ್ಲಿರೋ ಕಬ್ಬಿಣವೂ ಸರಿಯಾಗಿ ಸೇರಲ್ಲ, ಅದು ಬೇರೆ.

ಈಗ ಏಜೆಂಟನ ಬೆಲ್ಟ್. ಬಿಸಿ ಮಾಡಿ ಗಡ್ಡೆ ಕೊಲ್ಲೋದು ಅನ್ನೋ ಕಲ್ಪನೆ ಸುಳ್ಳಲ್ಲ. 1957ರಲ್ಲೇ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡ್ ಪುಡಿಯನ್ನ ಬಿಸಿ ಮಾಡಿ ದುಗ್ಧಗ್ರಂಥಿಯಲ್ಲಿನ ಕ್ಯಾನ್ಸರ್ ಕೊಲ್ಲುವ ಪ್ರಯೋಗ ಪ್ರಕಟಿಸಿದ್ದರು. ಕಣಗಳ ಸುತ್ತ ಮ್ಯಾಗ್ನೆಟಿಕ್ ಕ್ಷೇತ್ರದ ದಿಕ್ಕನ್ನ ಸೆಕೆಂಡಿಗೆ ಲಕ್ಷ ಸಲದ ಲೆಕ್ಕದಲ್ಲಿ ತಿರುಗಿಸಿದರೆ, ಕಣಗಳು ಹಿಂದೆಮುಂದೆ ತಿರುಗಿ ತಿರುಗಿ ಬಿಸಿಯಾಗ್ತವೆ. 42–45 ಡಿಗ್ರಿಗೆ ಹೋದರೆ ಕ್ಯಾನ್ಸರ್ ಜೀವಕೋಶ ಸೋಲತೊಡಗುತ್ತೆ. ಇಲ್ಲಿ ‘ತಿರುಗಿಸಿದರೆ’ ಅನ್ನೋದು ಮುಖ್ಯ. ಬೆಲ್ಟಿನಲ್ಲಿ ಹೊಲಿದ ಮ್ಯಾಗ್ನೆಟ್ ಸುಮ್ಮನೆ ಕೂತಿರುತ್ತೆ. ಅದು 21 ದಿನ ಅಲ್ಲ, 21 ವರ್ಷ ಕಟ್ಟಿಕೊಂಡರೂ ಕಣ ಒಂದು ಡಿಗ್ರಿ ಬಿಸಿಯಾಗಲ್ಲ.

ಇದನ್ನ ನಿಜವಾಗಿ ಮಾಡಿದವರು ಬರ್ಲಿನ್‌ನ ಮ್ಯಾಗ್‌ಫೋರ್ಸ್ ಕಂಪನಿಯವರು. ಅಮಿನೊಸಿಲೇನ್ ಲೇಪದ ಕಣ, ಸೆಕೆಂಡಿಗೆ ಒಂದು ಲಕ್ಷ ಸಲ ದಿಕ್ಕು ಬದಲಿಸುವ, ಆಳೆತ್ತರದ ಯಂತ್ರ. ಮಿದುಳಿನ ಗಡ್ಡೆಗೆ 2010ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಅವರೂ ಕೈಯ ರಕ್ತನಾಳಕ್ಕೆ ಚುಚ್ಚಲಿಲ್ಲ. ತಲೆಬುರುಡೆಗೆ ತೂತು ಮಾಡಿ ನೇರ ಗಡ್ಡೆಯೊಳಗೇ ಬಿಟ್ಟರು. ರೇಡಿಯೇಷನ್ ಜೊತೆಗೆ ಕೊಟ್ಟರು, ಅದರ ಬದಲಿಗಲ್ಲ. ಗಡ್ಡೆ ಮರಳಿ ಬಂದಿದ್ದ 59 ರೋಗಿಗಳ ಅಧ್ಯಯನದಲ್ಲಿ, ಮರಳಿದ್ದು ಗೊತ್ತಾದ ಮೇಲೆ ಬದುಕಿದ ಅವಧಿಯ ನಡುಲೆಕ್ಕ 13.4 ತಿಂಗಳು. ಅದು ಸಣ್ಣ ಸಂಗತಿ ಅಲ್ಲ, ಆದರೆ ‘ಕರಗಿ ಹೋಯ್ತು’ ಅನ್ನುವ ಕತೆಯೂ ಅಲ್ಲ. ಹಲ್ಲಿನಲ್ಲಿ ಲೋಹದ ಫಿಲ್ಲಿಂಗ್ ಇದ್ದವರು ಅದನ್ನ ತೆಗೆಸಬೇಕಿತ್ತು, ಇಲ್ಲದಿದ್ದರೆ ಅದೂ ಬಿಸಿ. 2022ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇನ್ನು ಹೊರಗಿನ ಮ್ಯಾಗ್ನೆಟ್ಟಿನಿಂದ ಔಷಧವನ್ನ ಎಳೆದು ಗಡ್ಡೆಗೆ ತರುವುದು. ಇದನ್ನೂ ಜರ್ಮನಿಯಲ್ಲಿ 1996ರಲ್ಲೇ 14 ರೋಗಿಗಳ ಮೇಲೆ ನೋಡಿದ್ದಾರೆ. ಚರ್ಮದ ಹತ್ತಿರದ ಗಡ್ಡೆಗಾದರೆ ಒಂದಿಷ್ಟು ಆಶೆ. ಆಳಕ್ಕೆ ಹೋದ ಹಾಗೆ ಮ್ಯಾಗ್ನೆಟ್ಟಿನ ಹಿಡಿತ ಬೇಗ ಕುಸಿಯುತ್ತೆ, ರಕ್ತದ ಓಟ ಗೆಲ್ಲುತ್ತೆ. ಟೊರೊಂಟೊ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಹತ್ತು ವರ್ಷಗಳ ಪ್ರಯೋಗ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ, ಎಲ್ಲ ಬಗೆಯ ನ್ಯಾನೊ ಕಣಗಳೂ ಸೇರಿ, ಚುಚ್ಚಿದ್ದರಲ್ಲಿ ಗಡ್ಡೆ ತಲುಪಿದ್ದು ನಡುಲೆಕ್ಕದಲ್ಲಿ ಶೇ 0.7. ನೂರು ರೂಪಾಯಿ ಕಳಿಸಿದರೆ 70 ಪೈಸೆ. ಸರ್ಕಾರ ಕಳಿಸುವ ಒಂದು ರೂಪಾಯಿಯಲ್ಲಿ 15 ಪೈಸೆ ಜನರಿಗೆ ತಲುಪುತ್ತೆ ಅಂತ ರಾಜೀವ್ ಗಾಂಧಿ ಅಂದಿದ್ದರಲ್ಲ, ಇದಕ್ಕೆ ಹೋಲಿಸಿದರೆ ಅದು ಭಾರೀ ಕಾರ್ಯಕ್ಷಮತೆ.

ಹಾಗಂತ ನಮ್ಮ ಕಡೆ ಏನೂ ನಡೀತಿಲ್ಲ ಅಂತಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಂಬರೀಶ್ ಘೋಷ್ ಅವರ ತಂಡ ತಿರುಪುಮೊಳೆ ಆಕಾರದ ಸಿಲಿಕಾ ಕಣಕ್ಕೆ ಕಬ್ಬಿಣ ಲೇಪಿಸಿ ಮ್ಯಾಗ್ನೆಟ್ಟಿನಿಂದ ಓಡಿಸುತ್ತೆ. ಗಮನಿಸಿ, ಇಲ್ಲಿ ಕಬ್ಬಿಣವೇ ಲೇಪ. ಅಲ್ಲಿಂದ ಹುಟ್ಟಿದ ಥೆರಾನಾಟಿಲಸ್ ಅನ್ನೋ ಸ್ಟಾರ್ಟಪ್ ಜೊತೆ 2022ರಲ್ಲಿ ಪ್ರಕಟಿಸಿದ ಕೆಲಸ ಹಲ್ಲಿನದ್ದು. ರೂಟ್ ಕೆನಾಲ್ ಮಾಡಿದರೂ ಹಲ್ಲಿನ ಸಣ್ಣ ಸಣ್ಣ ನಾಳಗಳಲ್ಲಿ ಬ್ಯಾಕ್ಟೀರಿಯಾ ಅಡಗಿರುತ್ತೆ. ಈ ತಿರುಪುಗಳನ್ನ ಒಳಗೆ ಕಳಿಸಿ, ಬಿಸಿ ಮಾಡಿ, ಅವುಗಳನ್ನ ಕೊಲ್ಲೋದು. ಕಿತ್ತ ಹಲ್ಲುಗಳಲ್ಲಿ 2,000 ಮೈಕ್ರೋಮೀಟರ್ ಆಳದ ತನಕ ಹೋದವು. ಎರಡು ಮಿಲಿಮೀಟರ್. ಜಗತ್ತಿನ ಮುಂಚೂಣಿ ಲ್ಯಾಬುಗಳಲ್ಲೊಂದು ಹೆಮ್ಮೆಯಿಂದ ಹೇಳುವ ದೂರ ಅದು. ಏಜೆಂಟ್ ಕೈಯಿಂದ ಲಿವರ್ ತನಕ ಅಂತಾನೆ.

ಕಂಪ್ಲಿಯ ಅಣ್ಣನಿಗೆ ಫೋನಿನಲ್ಲಿ ನಾನು ಹೇಳಿದ್ದನ್ನ ಇಲ್ಲೂ ಹೇಳ್ತೀನಿ. ಏಜೆಂಟ್ ‘ಇದು ಹೊಸ ಪ್ರಯೋಗ’ ಅಂದ್ರೆ, ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಔಷಧ ಪ್ರಯೋಗಗಳನ್ನ ಆ ರಿಜಿಸ್ಟ್ರಿಯಲ್ಲಿ ನೋಂದಾಯಿಸೋದು 2009ರಿಂದ ಕಡ್ಡಾಯ, ಮೊಬೈಲಿನಲ್ಲೇ ಹುಡುಕಬಹುದು. ನಿಜವಾದ ಪ್ರಯೋಗಕ್ಕೆ ರೋಗಿ ದುಡ್ಡು ಕೊಡೋ ಹಾಗಿಲ್ಲ, ಐಸಿಎಂಆರ್ ಮಾರ್ಗಸೂಚಿ ಅದನ್ನೇ ಹೇಳುತ್ತೆ. ‘ಪ್ರಯೋಗ ಅಲ್ಲ, ಒಪ್ಪಿಗೆ ಆದ ಚಿಕಿತ್ಸೆ’ ಅಂದ್ರೆ, ಔಷಧದ ಹೆಸರು, ಬ್ಯಾಚ್ ನಂಬರ್, ಕೊಡುವ ವೈದ್ಯರ ನೋಂದಣಿ ಸಂಖ್ಯೆ, ಜಿಎಸ್‌ಟಿ ಬಿಲ್ಲು ಕೇಳಿ. ಕೊನೆಯದು ನನ್ನ ಕಾಮರ್ಸ್ ಬುದ್ಧಿ. ಬಿಲ್ಲು ಕೇಳಿದ ತಕ್ಷಣ ಎಷ್ಟೋ ಪವಾಡಗಳು ನಿಂತುಹೋಗ್ತವೆ.

ಅವರು ಭಾನುವಾರ ರಾತ್ರಿ ಏಜೆಂಟನಿಗೆ ಇಷ್ಟನ್ನೂ ಮೆಸೇಜ್ ಮಾಡಿದ್ರಂತೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಸೋಮವಾರ ಬೆಳಿಗ್ಗೆ ನಂಬರ್ ಬ್ಲಾಕ್. ಅಪ್ಪನನ್ನ ಕರ್ಕೊಂಡು ಬುಧವಾರ ಬೆಂಗಳೂರಿನ ಕಿದ್ವಾಯಿಗೆ ಹೋಗಿದಾರೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ ಅನ್ನೋದು ಅವರಿಗೆ ಅಲ್ಲಿ ಹೋದ ಮೇಲೇ ಗೊತ್ತಾದದ್ದು. ಬಯಾಪ್ಸಿ ರಿಪೋರ್ಟ್ ಇನ್ನೂ ಬಂದಿಲ್ಲ. ಭತ್ತದ ದುಡ್ಡಲ್ಲಿ ಆಸ್ಪತ್ರೆ ಹತ್ತಿರ ಒಂದು ರೂಮು ಹಿಡಿದಿದಾರೆ.